ತೂಬಿನ ಹೊಸ್ತಿಲಿನ ಕೆಳಗಿನ ನೀರು

1983ನೆಯ ಇಸವಿ, ಮೇ 14, ಶನಿವಾರ, ಬೆಳಿಗ್ಗೆ ಎಂಟೂವರೆ ಗಂಟೆ. ಸ್ಥಳ: ನಮ್ಮೂರ ಕೆರೆಯ ಏರಿ. ಹಾಜರಿದ್ದವರು: ಪಂಚಾಯಿತಿಯ ಚೇರಮನ್ನರು, ಊರಿನ ಭೂಮಿಯ ಲೆಕ್ಕ ಇಡುವ ತಲಾಠಿ, ಸರಪಳಿ ಹಿಡಿದ ಸರ್ವೆಯರ್, ನೀರಾವರಿಯ ಓವರ್‌ಸಿಯರ್, ಸಾಕ್ಷಿಗೆ ಪಂಚರೆಂದು ಕರೆತಂದ ಹಿಟ್ಟಿನ ಗಿರಣಿಯವರು ಮತ್ತು ಚಹಾದಂಗಡಿಯವರು, ಹೆಣ್ಣುಮಕ್ಕಳ ಶಾಲೆಯ ಮುಖ್ಯೋಪಾಧ್ಯಾಯಿನಿಯಾಗಿದ್ದ ನಾನು. ಹಾಜರಿರಬೇಕಾಗಿದ್ದೂ ಕರೆಯದೆ ಬಿಟ್ಟವರು: ಕೆರೆಯ ಹಿನ್ನೀರಿನ ಅಂಚಿನಲ್ಲಿ ಮನೆ ಮಾಡಿಕೊಂಡಿದ್ದ ನಾಲ್ಕು ಸಿದ್ದಿ ಕುಟುಂಬಗಳು. ಈ ಕೊನೆಯ ಸಾಲು ಅಂದಿನ ಪಂಚನಾಮೆಯಲ್ಲಿ ಇಲ್ಲ. ಇಲ್ಲದ್ದರಿಂದಲೇ ನಾನು ಇದನ್ನು ಬರೆಯುತ್ತಿದ್ದೇನೆ.

ನಮ್ಮೂರು ಹಳಿಯಾಳ ತಾಲೂಕಿನಲ್ಲಿ, ದಾಂಡೇಲಿಗೆ ಹೋಗುವ ರಸ್ತೆಯ ಮೇಲಿದೆ. ನಾನು ಅಲ್ಲಿಗೆ ವರ್ಗವಾಗಿ ಬಂದದ್ದು 1974ರಲ್ಲಿ. ಆಗ ಬಸ್ಸು ನಿಲ್ಲುವ ಜಾಗದಲ್ಲಿ ಒಂದು ಆಲದ ಮರ, ಒಂದು ಚಹಾದಂಗಡಿ, ಅಷ್ಟೇ. ರಸ್ತೆಯ ಎರಡೂ ಬದಿಗೆ ಭತ್ತದ ಗದ್ದೆಗಳು. ಆಮೇಲೆ ಲಾರಿಗಳು ಹೆಚ್ಚಾದವು. ದಾಂಡೇಲಿಯ ಕಡೆಗೆ ಬಿದಿರು, ಅಂಬಿಕಾನಗರದ ಕಡೆಗೆ ಸಿಮೆಂಟು, ಕಬ್ಬಿಣ. ಲಾರಿ ನಿಂತಲ್ಲಿ ಗ್ಯಾರೇಜು ಬಂತು, ಗ್ಯಾರೇಜಿನ ಮಗ್ಗುಲಲ್ಲಿ ಖಾನಾವಳಿ ಬಂತು, ಖಾನಾವಳಿಗೆ ಬರುವವರಿಗೆ ಬಾಡಿಗೆ ಮನೆ ಬೇಕಾಯಿತು. ಎಂಬತ್ತರ ಹೊತ್ತಿಗೆ ಊರಿಗೆ ಜಾಗ ಸಾಲದೆಂದು ಎಲ್ಲರೂ ಹೇಳತೊಡಗಿದರು. ಜಾಗ ಸಾಲದಿದ್ದಾಗ ಜನರ ಕಣ್ಣು ಯಾವುದರ ಮೇಲೆ ಬೀಳುತ್ತದೆ? ಯಾರೊಬ್ಬರ ಹೆಸರಿನಲ್ಲೂ ಇಲ್ಲದ, ರಸ್ತೆಗೆ ತಾಗಿಕೊಂಡ, ಸಮತಟ್ಟಾದ ಕೆರೆಯ ಮೇಲೆ.

ಕೆರೆ ದೊಡ್ಡದೇನಲ್ಲ. ರಸ್ತೆಯ ಕಡೆಗೆ ಏರಿ, ಏರಿಯ ನಡುವೆ ಕಲ್ಲಿನ ತೂಬು, ತೂಬಿನ ಪಕ್ಕದಲ್ಲಿ ನೀರಿನ ಮಟ್ಟ ನೋಡಲು ಅಡಿ, ಇಂಚು ಬರೆದ ಕಂಬ. ಇದು ಎಲ್ಲರಿಗೂ ಕಾಣುವ ಕೆರೆ. ಪಡುವಣ ದಿಕ್ಕಿಗೆ ಅದು ಹರಡಿಕೊಂಡು, ಜೊಂಡು ಬೆಳೆದ ಜೌಗಾಗಿ, ಅಡವಿಯ ಅಂಚಿನವರೆಗೂ ಹೋಗಿತ್ತು. ಅದನ್ನು ರಸ್ತೆಯ ಮೇಲೆ ಹೋಗುವವರು ಕೆರೆಯೆಂದು ಎಣಿಸುತ್ತಲೇ ಇರಲಿಲ್ಲ. ಪೊದೆ, ಕೆಸರು, ಸೊಳ್ಳೆ ಎನ್ನುತ್ತಿದ್ದರು. ಆ ಕೆಸರಿನ ಅಂಚಿನಲ್ಲಿಯೇ ನಾಲ್ಕು ಮನೆಗಳು. ಗಂಡಸರು ದಾಂಡೇಲಿಯ ಕಟ್ಟಿಗೆ ಡಿಪೋದಲ್ಲಿ, ಇಲ್ಲವೆ ಗೌಡರ ಹೊಲಗಳಲ್ಲಿ ಕೂಲಿ. ಹೆಂಗಸರು ಜೊಂಡು ಕೊಯ್ದು, ಒಣಗಿಸಿ, ಚಾಪೆ ಹೆಣೆಯುತ್ತಿದ್ದರು. ನಮ್ಮ ಶಾಲೆಯ ಮೂರು ತರಗತಿಗಳು ಕುಳಿತದ್ದು ಆ ಚಾಪೆಗಳ ಮೇಲೆಯೇ.

ಇನ್ನು ನನ್ನ ಪಾತ್ರ. ಶಾಲೆಯ ಅಂಗಳದಲ್ಲಿ ಮಳೆ ಅಳೆಯುವ ಪಾತ್ರೆ ಇತ್ತು. ಪ್ರತಿದಿನ ಬೆಳಿಗ್ಗೆ ಎಂಟೂವರೆಗೆ ಅದರ ಅಳತೆ, ಪ್ರತಿ ಶನಿವಾರ ಕೆರೆಯ ಕಂಬದ ಅಳತೆ, ಎರಡನ್ನೂ ಬರೆದಿಡುವ ಕೆಲಸ ಯಾವ ಕಾಲದಿಂದಲೋ ಶಾಲೆಯ ಮುಖ್ಯಸ್ಥರಿಗೆ ಅಂಟಿಕೊಂಡಿತ್ತು. ನನಗೆ ಅದು ಭಾರವೆನಿಸಲಿಲ್ಲ. ಧಾರವಾಡದಲ್ಲಿ ತರಬೇತಿಗೆ ಇದ್ದಾಗ ನಾಲ್ಕೂವರೆಗೆ ಗಂಟೆ, ಐದಕ್ಕೆ ಸ್ನಾನ, ಐದೂವರೆಗೆ ಪ್ರಾರ್ಥನೆ; ಒಂದು ನಿಮಿಷ ತಡವಾದರೆ ಬಾಗಿಲ ಹೊರಗೆ. ಆ ಶಿಸ್ತು ನನ್ನ ಮೈಗೆ ಹತ್ತಿತ್ತು. ಬೇಸಿಗೆಯ ರಜೆಯಲ್ಲೂ ನಾನು ಒಂದು ದಿನ ಅಳತೆ ತಪ್ಪಿಸಿದವಳಲ್ಲ. ಜ್ವರ ಬಂದಾಗ ಕಂಬಳಿ ಹೊದ್ದುಕೊಂಡು ಏರಿಗೆ ಹೋಗಿದ್ದೇನೆ.

ತಪ್ಪು ಆ ಶಿಸ್ತಿನೊಳಗೇ ಆಯಿತು. ಕಂಬದ ಸೊನ್ನೆ ಇರುವುದು ತೂಬಿನ ಹೊಸ್ತಿಲಿನ ಮಟ್ಟಕ್ಕೆ. ನೀರು ಅದಕ್ಕಿಂತ ಕೆಳಗಿಳಿದರೆ ಗದ್ದೆಗೆ ಹರಿಯುವುದಿಲ್ಲ, ಹಾಗಾಗಿ ನೀರಾವರಿಯವರಿಗೆ ಅದರ ಲೆಕ್ಕ ಬೇಕಿಲ್ಲ. ಹೊಸ್ತಿಲಿನ ಕೆಳಗೆ ತಗ್ಗಿನಲ್ಲಿ, ಜೌಗಿನಲ್ಲಿ, ಎಷ್ಟೇ ನೀರಿದ್ದರೂ ಕಂಬ ಸೊನ್ನೆಯನ್ನೇ ತೋರಿಸುತ್ತದೆ. ಇದು ನನಗೆ ಮೊದಲ ವಾರದಲ್ಲಿಯೇ ತಿಳಿದಿತ್ತು. ಆದರೆ ನನಗಿಂತ ಹಿಂದಿನ ಮಾಸ್ತರರು ಸೊನ್ನೆಯ ಮುಂದೆ, ಷರಾ ಎಂಬ ಕಾಲಮಿನಲ್ಲಿ, "ನೀರಿಲ್ಲ" ಎಂದು ಬರೆದಿದ್ದರು. ಹೊಸದಾಗಿ ಬಂದವಳು ರಜಿಸ್ಟರಿನ ಪದ್ಧತಿ ಮುರಿಯಬಾರದೆಂದು ನಾನು ಅದರ ಕೆಳಗೆ "ಮೇಲಿನಂತೆ" ಎಂದು ಬರೆದೆ. ಮುಂದಿನ ಶನಿವಾರ ಮತ್ತೆ ಮೇಲಿನಂತೆ. ಒಂಬತ್ತು ಬೇಸಿಗೆ, ಅಂಕುಡೊಂಕಿಲ್ಲದ ಅಕ್ಷರದಲ್ಲಿ, ಮೇಲಿನಂತೆ, ಮೇಲಿನಂತೆ. ಆ ಬೇಸಿಗೆಗಳಲ್ಲಿಯೇ ಏರಿಯ ಮೇಲೆ ನಿಂತು ಜೊಂಡಿನ ನಡುವೆ ಬೆಳ್ಳಕ್ಕಿಗಳು ನೀರಿನಲ್ಲಿ ನಡೆಯುವುದನ್ನು ಕಣ್ಣಾರೆ ನೋಡಿದ್ದೇನೆ. ನೋಡಿ, ಪೆನ್ನಿನ ಮುಚ್ಚಳ ತೆಗೆದು, "ಮೇಲಿನಂತೆ" ಎಂದು ಬರೆದಿದ್ದೇನೆ.

ಮೇ ತಿಂಗಳ ಆ ವಾರದಲ್ಲಿ ಓವರ್‌ಸಿಯರ್ ಮನೆಗೆ ಬಂದು, ಶನಿವಾರ ಸ್ಥಳಕ್ಕೆ ಬಂದು ಕೆರೆಯ ಪಾಹಣಿ ಮಾಡುವುದಿದೆ, ರಜಿಸ್ಟರ್ ತೆಗೆದುಕೊಂಡು ಬರಬೇಕು ಎಂದಾಗ ನನಗೆ ಒಳಗೊಳಗೇ ಹೆಮ್ಮೆಯಾಯಿತು. ಇಷ್ಟು ವರ್ಷ ಯಾರೂ ತೆರೆದು ನೋಡದ ರಜಿಸ್ಟರ್ ಇದು. ಹಾಳೆಯಂಚಿಗೆ ಅಂಟು ಹಚ್ಚಿ, ಹೊಸ ಹೊದಿಕೆ ಹಾಕಿ ಒಯ್ದೆ.

ಏರಿಯ ಮೇಲೆ ತಲಾಠಿ ಅದನ್ನು ತೆರೆದು ಗಟ್ಟಿಯಾಗಿ ಓದಿದರು. ಇಂಥ ವರ್ಷ ಏಪ್ರಿಲ್, ನೀರಿಲ್ಲ. ಮೇ, ಮೇಲಿನಂತೆ. ಮರುವರ್ಷ ಮಾರ್ಚ್ ಕೊನೆಗೇ, ಮೇಲಿನಂತೆ. ಕೆರೆ ವರ್ಷವರ್ಷಕ್ಕೆ ಬೇಗ ಬತ್ತುತ್ತಿದೆ, ಇದು ಸತ್ತ ಕೆರೆ, ಇದನ್ನು ಕೆರೆಯ ಪಟ್ಟಿಯಿಂದ ತೆಗೆದು ಊರಿನ ವಸತಿಗೆ ಕೊಡಬಹುದು ಎಂಬುದು ಅವರ ವಾದ. ಪಂಚರಿಬ್ಬರೂ ತಲೆಯಾಡಿಸಿದರು. ಆಗ ನನಗೆ ನನ್ನ ರಜಿಸ್ಟರನ್ನು ಯಾಕೆ ಕರೆಸಿದ್ದಾರೆಂದು ತಿಳಿಯಿತು. ನನ್ನ ಅಕ್ಷರ ಚೆನ್ನಾಗಿತ್ತು. ಅದೊಂದೇ ಅವರಿಗೆ ಬೇಕಾಗಿದ್ದದ್ದು.

ಬೇಗ ಬತ್ತುತ್ತಿದ್ದದ್ದು ಸುಳ್ಳಲ್ಲ. ಅದಕ್ಕೆ ಕಾರಣವೂ ನನ್ನ ಇನ್ನೊಂದು ಪುಸ್ತಕದಲ್ಲಿ, ಮಳೆಯ ಪುಸ್ತಕದಲ್ಲಿ, ಇತ್ತು. ಅದನ್ನು ಯಾರೂ ಕೇಳಲಿಲ್ಲ. ನಾನು ಬಂದ ಮೊದಲ ವರ್ಷಗಳಲ್ಲಿ ಜೂನ್ ನಡುವಿನಲ್ಲಿ ಉಳವಿಯ ಕಡೆಯಿಂದ ಮೋಡ ಬಂದು ನಿಂತರೆ ವಾರಗಟ್ಟಲೆ ಬಿಡುತ್ತಿರಲಿಲ್ಲ. ಸಣ್ಣ ಹನಿ, ಒಂದೇ ಸಮ, ನೆಲಕ್ಕೆ ಕುಡಿಯಲು ಬಿಡುವು ಕೊಟ್ಟು ಸುರಿಯುವ ಮಳೆ. ಎಂಬತ್ತರ ಹೊತ್ತಿಗೆ ಅದು ಬದಲಾಗಿತ್ತು. ಮಿರಗ, ಅಂದರೆ ಮೃಗಶಿರಾ ಮಳೆ, ಒಣಗಿಯೇ ಹೋಗುತ್ತಿತ್ತು. ಆಮೇಲೆ ಒಂದು ದಿನ, ಚೀಲ ಹರಿದು ಕಾಳು ಸುರಿದಂತೆ, ಅಳತೆಯ ಪಾತ್ರೆ ತುಂಬಿ ಚೆಲ್ಲುವಂತೆ ಹೊಡೆದು, ಮತ್ತೆ ಹದಿನೈದು ದಿನ ಬಿಸಿಲು. ವರ್ಷದ ಒಟ್ಟು ಮೊತ್ತ ಹೆಚ್ಚು ಕಡಿಮೆ ಅಷ್ಟೇ ಇರುತ್ತಿತ್ತು. ಮಳೆ ಬಿದ್ದ ದಿನಗಳು ಕಡಿಮೆಯಾಗಿದ್ದವು. ಜೋಯಿಡಾ ಕಡೆಯ ಅಡವಿ ಬೋಳಾದದ್ದೇ ಇದಕ್ಕೆ ಕಾರಣವೆಂದು ಮುದುಕರು ಹೇಳುತ್ತಿದ್ದರು. ಕಾಳಿಯ ಕಣಿವೆಯಲ್ಲಿ ನೀರು ನಿಲ್ಲಿಸಿದ್ದೇ ಕಾರಣವೆಂದು ಇನ್ನು ಕೆಲವರು. ಇಂದು ಅದಕ್ಕೆ ಹವಾಮಾನ ಬದಲಾವಣೆ ಎಂಬ ಹೆಸರಿದೆ, ಸಭೆಗಳಿವೆ. ಅಂದು ಹೆಸರಿರಲಿಲ್ಲ, ನನ್ನ ಪುಸ್ತಕವಿತ್ತು. ಅಂಥ ಮಳೆ ಬರುವ ಊರಿಗೆ ಜೌಗು ಹೆಚ್ಚು ಬೇಕು, ಕಡಿಮೆಯಲ್ಲ. ಹೊಡೆತದ ಮಳೆಯನ್ನು ಹಿಡಿದು ಇಟ್ಟುಕೊಳ್ಳುವುದು ಅದೊಂದೇ. ಇಷ್ಟು ಸರಳವಾದ ಮಾತನ್ನು ನಾಲ್ಕನೆಯ ತರಗತಿಯ ಹುಡುಗಿಯರಿಗೆ ಹೇಳಿದರೆ ತಿಳಿಯುತ್ತಿತ್ತು. ಏರಿಯ ಮೇಲೆ ನಿಂತ ಆರು ಜನ ದೊಡ್ಡವರಿಗೆ ತಿಳಿಯಲಿಲ್ಲ, ಅಥವಾ ತಿಳಿಯುವುದು ಬೇಡವಾಗಿತ್ತು.

ಪಂಚನಾಮೆ ಓದುವ ಹೊತ್ತಿಗೆ ಸರಿಯಾಗಿ ಏರಿಯ ಕೆಳಗಿನಿಂದ ಒಬ್ಬ ಹೆಣ್ಣುಮಗಳು ಹತ್ತಿ ಬಂದಳು. ತಲೆಯ ಮೇಲೆ ಹಸಿ ಜೊಂಡಿನ ಹೊರೆ, ಮೊಣಕಾಲವರೆಗೆ ಸೀರೆ ಒದ್ದೆ, ಹೊರೆಯಿಂದ ನೀರು ತೊಟ್ಟಿಕ್ಕುತ್ತಿತ್ತು. ಅವಳು ಆ ನಾಲ್ಕು ಮನೆಗಳವಳು. ಅವಳ ಇಬ್ಬರು ಹೆಣ್ಣುಮಕ್ಕಳು ನನ್ನ ಶಾಲೆಯಲ್ಲಿ ಕಲಿತವರು. ಮನೆಯಲ್ಲಿ ಕೊಂಕಣಿ, ನಮ್ಮೊಡನೆ ಅಚ್ಚ ಹಳಿಯಾಳ ಸೀಮೆಯ ಕನ್ನಡ.

ಚೇರಮನ್ನರಿಗೆ ಹೊರೆ ಅಡ್ಡವಾಯಿತು. "ಏ ಬಾಯಿ, ಇಲ್ಲಿ ಸರಕಾರಿ ಕೆಲಸ ನಡದೈತಿ. ಹೊರಿ ತಗೊಂಡು ಆ ಕಡಿಂದ ಹೋಗು" ಎಂದರು.

"ಆ ಕಡಿಂದ ಹೋಗಾಕ ಬರೂದಿಲ್ರಿ ಸಾವಕಾರ್ರ" ಎಂದಳು ಅವಳು. "ಅಲ್ಲೆ ನೀರೈತಿ."

ಸರ್ವೆಯರ್ ಮುಖ ಆಚೆ ತಿರುಗಿಸಿ ಕೆಮ್ಮಿದರು. ಚಹಾದಂಗಡಿಯವರು ನಕ್ಕೇಬಿಟ್ಟರು, ಚೇರಮನ್ನರು ನೋಡಿದ ಮೇಲೆ ನಿಲ್ಲಿಸಿದರು.

"ನೀರ ಎಲ್ಲೈತಿ? ನಿಮ್ಮ ಅಕ್ಕಾರು ಸ್ವಂತ ಕೈಲೆ ಬರದಾರ, ನೀರಿಲ್ಲ ಅಂತ. ಒಂದಲ್ಲ ಎರಡಲ್ಲ, ಒಂಬತ್ತು ವರ್ಷ ಬರದಾರ."

ಅವಳು ಹೊರೆಯನ್ನು ಇಳಿಸಿ ನನ್ನ ಕಡೆ ತಿರುಗಿದಳು. "ಖರೇನ್ರಿ ಅಕ್ಕಾರ?"

ನಮ್ಮ ಸೀಮೆಯಲ್ಲಿ ಶಿಕ್ಷಕಿಗೆ ಅಕ್ಕಾರು ಎನ್ನುತ್ತಾರೆ. ಆ ಮಾತನ್ನು ದಿನಕ್ಕೆ ನೂರು ಸಲ ಕೇಳಿಸಿಕೊಂಡವಳು ನಾನು; ಅಂದು ಅದು ಚುಚ್ಚಿತು. "ಕಂಬದ ಅಳತಿ ಬರದೇನವಾ" ಎಂದೆ.

"ಹಂಗಾದ್ರ ಕಂಬಕ್ಕ ನೀರ ಸಿಗಲಿಲ್ಲ ಅಂತ ನಮ್ಮ ಮನಿ ಮಂದಿ ಯಾಕ ನೀರಡಿಸಿ ಸಾಯಬೇಕ್ರಿ?"

ಆಮೇಲೆ ಅವಳೇ ವಿಷಯ ಬಿಡಿಸಿ ಹೇಳಿದಳು. ಜೌಗಿನ ನಡುವೆ ಕಲ್ಲು ಕಟ್ಟಿದ ಒಂದು ಒರತೆ ಇದೆ, ಬೇಸಿಗೆಯಲ್ಲಿ ನಾಲ್ಕು ಮನೆಗಳು ಕುಡಿಯುವುದು ಅದರ ನೀರನ್ನು. ಊರ ಬಾವಿಗೆ ಹೋದರೆ ತಮ್ಮ ಕೊಡವನ್ನು ಎಲ್ಲರಿಗಿಂತ ಕೊನೆಗೆ ನಿಲ್ಲಿಸುತ್ತಾರೆ. ಜೌಗಿಗೆ ಮಣ್ಣು ತುಂಬಿದರೆ ಒರತೆ ಹೋಗುತ್ತದೆ, ಜೊಂಡು ಹೋಗುತ್ತದೆ, ಅವೆರಡೂ ಹೋದಮೇಲೆ ತಾವು ಅಲ್ಲಿ ಇರುವುದಕ್ಕೆ ಅರ್ಥವಿಲ್ಲ. ಇದನ್ನು ಅವಳು ಅಳುತ್ತ ಹೇಳಲಿಲ್ಲ, ಬೇಡುತ್ತಲೂ ಹೇಳಲಿಲ್ಲ. ಬಂದು ನೋಡಿರಿ ಎಂದಳು, ಅಷ್ಟೇ.

ನೋಡಲು ಯಾರೂ ಸಿದ್ಧರಿರಲಿಲ್ಲ. ಸರಪಳಿ ಕೆಸರಿನಲ್ಲಿ ಎಳೆಯಲು ಬರುವುದಿಲ್ಲ ಎಂದರು ಸರ್ವೆಯರ್. ತಲಾಠಿಗಳಿಗೆ ಹೊಸ ಚಪ್ಪಲಿ. ಓವರ್‌ಸಿಯರ್ ಹಾವಿನ ಮಾತೆತ್ತಿದರು. ಪಾಹಣಿ ಎಂದರೆ ಕಣ್ಣಿನಿಂದ ನೋಡುವುದು. ಇವರು ಏರಿಯ ಮೇಲೆ ನಿಂತು, ಜೊಂಡಿನ ತುದಿ ನೋಡಿ, ಬುಡದಲ್ಲಿ ನೀರಿಲ್ಲವೆಂದು ತೀರ್ಮಾನ ಮಾಡಿದ್ದರು.

ನಾನು ಗಡಿಯಾರ ನೋಡಿದೆ, ಒಂಬತ್ತೂ ಹತ್ತು. ಸರ್ವೆಯರ್ ಹತ್ತಿರ ಇದ್ದ ಕೆಂಪು ಬಿಳಿ ಬಣ್ಣದ ಕೋಲನ್ನು ಕೇಳಿ ತೆಗೆದುಕೊಂಡೆ. ನಲವತ್ತಾರು ವರ್ಷದ ಹೆಡ್‌ಬಾಯಿ ಕೆಸರಿಗೆ ಇಳಿಯುತ್ತಾಳೆಂದು ಅವರಿಗೆ ನಂಬಿಕೆ ಬರಲಿಲ್ಲ. ನನಗೂ ಬಂದಿರಲಿಲ್ಲ.

"ನೆರಿಗಿ ಎತ್ತಿ ಕಟ್ಕೋರಿ ಅಕ್ಕಾರ" ಎಂದಳು ಅವಳು. "ನಾ ಕಾಲ ಇಟ್ಟಲ್ಲೆ ಕಾಲ ಇಡ್ರಿ. ಬಿದ್ರ ನಗೂದಿಲ್ಲ, ಅಂಜಬ್ಯಾಡ್ರಿ."

ಬೀಳಲಿಲ್ಲ, ಆದರೆ ಒಂದು ಚಪ್ಪಲಿಯನ್ನು ಕೆಸರು ನುಂಗಿತು. ಮೊದಲ ಇಪ್ಪತ್ತು ಹೆಜ್ಜೆ ಬಿರುಕು ಬಿಟ್ಟ ನೆಲ. ಆಮೇಲೆ ಮೆತ್ತಗಾಯಿತು, ಆಮೇಲೆ ಹಿಮ್ಮಡಿ ಮುಳುಗಿತು, ಜೊಂಡು ನಮ್ಮ ತಲೆಗಿಂತ ಮೇಲೆದ್ದಲ್ಲಿ ನೀರು ಮೊಣಕಾಲಿಗೆ ಬಂತು. ಹೊರಗೆ ಅಷ್ಟು ಬಿಸಿಲು. ಅಲ್ಲಿ ನೀರು ತಣ್ಣಗಿತ್ತು. ಐದು ಕಡೆ ಕೋಲು ಊರಿ ನೋಡಿದೆ, ಅಳತೆಯನ್ನು ಅಂಗೈ ಮೇಲೆ ಪೆನ್ನಿನಿಂದ ಬರೆದುಕೊಂಡೆ.

ಒಂದು ಸಂಗತಿಯನ್ನು ಅಲ್ಲಿ ಕಲಿತೆ. ಅವರು ಜೊಂಡನ್ನು ಕಂಡಕಂಡಲ್ಲಿ ಕೊಯ್ಯುವುದಿಲ್ಲ. ಒಂದು ವರ್ಷ ತೆಂಕಣ ಮಗ್ಗುಲು, ಮರುವರ್ಷ ಬಡಗಣ ಮಗ್ಗುಲು. ಬುಡದ ಮೇಲೆ ಒಂದು ಗೇಣು ಬಿಟ್ಟೇ ಕೊಯ್ಯಬೇಕು. ಒರತೆಯ ಸುತ್ತ ಹತ್ತು ಹೆಜ್ಜೆಯ ಒಳಗೆ ಕುಡುಗೋಲು ಹಾಕುವ ಹಾಗೇ ಇಲ್ಲ; ಹಾಕಿದರೆ ಆ ಮನೆಯವರಿಗೆ ಆ ವರ್ಷ ಜೊಂಡಿಲ್ಲ. ಆ ಬೇರುಗಳೇ ನೀರನ್ನು ಸೋಸುತ್ತವೆ ಎಂದು ಅವಳ ಅತ್ತೆ ಹೇಳಿಕೊಟ್ಟಿದ್ದಳಂತೆ. ಒರತೆಯ ನೀರನ್ನು ಬೊಗಸೆಯಲ್ಲಿ ಎತ್ತಿ ಕುಡಿದೆ. ಶಾಲೆಯ ಬಾವಿಯ ನೀರಿಗಿಂತ ತಿಳಿಯಾಗಿತ್ತು. "ಯಾರ ಉಪಯೋಗದಲ್ಲೂ ಇಲ್ಲದ ಜಾಗ" ಎಂದು ಏರಿಯ ಮೇಲೆ ಓದಿದ್ದ ಜಾಗಕ್ಕೆ ನಮ್ಮ ಪಂಚಾಯಿತಿಗಿಂತ ಗಟ್ಟಿಯಾದ ಕಾಯಿದೆ ಇತ್ತು.

ನಾವು ಮೇಲೆ ಬಂದಾಗ ಹತ್ತೂಕಾಲು. ಪಂಚರು ಸಹಿ ಮಾಡಿ ಮುಗಿಸಿದ್ದರು. ನಾನು ಅಂಗೈ ತೋರಿಸಿ, ಐದು ಅಳತೆಗಳನ್ನು ಸೇರಿಸಿರಿ ಎಂದೆ. ತಲಾಠಿ ಕಾಗದ ನನ್ನ ಮುಂದೆ ಹಿಡಿದರು, ಇನ್ನು ಸೇರಿಸಲು ಜಾಗವಿಲ್ಲ ಎಂದು ತೋರಿಸುವುದಕ್ಕೆ. ಆಗ ನೋಡಿದೆ: "ಕೆರೆಯು ಪೂರ್ಣ ಬತ್ತಿದ್ದು, ಅಂಗಳವು ಗಟ್ಟಿ ನೆಲವಾಗಿದ್ದು" ಎಂಬ ಸಾಲುಗಳೆಲ್ಲ ನೀಲಿ ಶಾಯಿಯಲ್ಲಿ, ತಾರೀಖು ಮತ್ತು ಹೊತ್ತು ಮಾತ್ರ ಕಪ್ಪು ಶಾಯಿಯಲ್ಲಿ. ಮನೆಯಲ್ಲಿ ಬೇರೆಯವರಿಂದ ಬರೆಸಿ ತಂದ ಕಾಪಿಯನ್ನು ಗುರುತಿಸುವುದು ನನಗೆ ದಿನದ ಕೆಲಸ. ಪಂಚನಾಮೆಯನ್ನು ಕೆರೆಗೆ ಬರುವ ಮೊದಲೇ ಬರೆದಿಟ್ಟಿದ್ದರು. ಕೆರೆಯನ್ನು ನೋಡುವ ಅಗತ್ಯವೇ ಅವರಿಗೆ ಇರಲಿಲ್ಲ.

ನಾನು ಇದಕ್ಕೆ ಸಹಿ ಮಾಡುವುದಿಲ್ಲ ಎಂದೆ.

"ನಿಮ್ಮ ಸಹಿ ಬ್ಯಾಡ್ರಿ ಅಕ್ಕಾರ" ಎಂದರು ತಲಾಠಿ, ಬಹಳ ಮರ್ಯಾದೆಯಿಂದ. "ನಿಮ್ಮ ರಜಿಸ್ಟರ ಸಾಕು."

ರಜಿಸ್ಟರ್ ವಾಪಸು ಕೇಳಿದೆ. ಅದು ಸರಕಾರದ್ದು, ಪಂಚನಾಮೆಯ ಜೊತೆ ಹೋಗುತ್ತದೆ ಎಂದು ಓವರ್‌ಸಿಯರ್ ಬಗಲಲ್ಲಿ ಇಟ್ಟುಕೊಂಡರು. ಅವರು ಕೆಟ್ಟವರಲ್ಲ. ಇಳಿದು ಹೋಗುವಾಗ ನನ್ನ ಪಕ್ಕಕ್ಕೆ ಬಂದು, ಮೇಲಿನಿಂದ ತೀರ್ಮಾನವಾಗಿ ಬಂದಿದೆ, ನೀವು ಇದರೊಳಗೆ ಬೀಳಬೇಡಿರಿ, ಇನ್ನೂ ಹನ್ನೆರಡು ವರ್ಷ ನೌಕರಿ ಇದೆ ಎಂದು ಮೆಲ್ಲಗೆ ಹೇಳಿದರು. ಕೆಟ್ಟವರಲ್ಲದವರು ಹೀಗೆ ಬಗಲಲ್ಲಿ ಇಟ್ಟುಕೊಂಡು ಹೋಗದಿದ್ದರೆ ಕೆಟ್ಟವರ ಕೆಲಸ ಅರ್ಧಕ್ಕೆ ನಿಲ್ಲುತ್ತದೆ ಎಂಬುದು ಅವರಿಗೆ ಹೊಳೆಯಲೇ ಇಲ್ಲ.

ಮನೆಗೆ ಬಂದು ಸ್ನಾನ ಮಾಡಿ, ಹನ್ನೆರಡಕ್ಕೆ ಊಟ ಮಾಡಿ, ಮುಕ್ಕಾಲು ಗಂಟೆಯ ನಂತರ ಬರೆಯಲು ಕುಳಿತೆ. ಏರಿಯಿಂದ ನನ್ನೊಡನೆ ಬಂದಿದ್ದ ಅವಳು ಕಟ್ಟೆಯ ಮೇಲೆ ಕುಳಿತಿದ್ದಳು. ಮೇಲಧಿಕಾರಿಗಳಿಗೆ ಒಂದು ಹೇಳಿಕೆ. ಕಂಬದ ಸೊನ್ನೆ ಎಂದರೆ ತೂಬಿನ ಹೊಸ್ತಿಲಿನ ಮಟ್ಟ. ಅದರ ಕೆಳಗೆ ನೀರಿತ್ತು, ಇಂದೂ ಇದೆ. ಐದು ಕಡೆಯ ಅಳತೆ ಇಷ್ಟಿಷ್ಟು. ಒಂಬತ್ತು ವರ್ಷ "ನೀರಿಲ್ಲ, ಮೇಲಿನಂತೆ" ಎಂದು ಬರೆದದ್ದು ನನ್ನ ತಪ್ಪು. ಬರೆದು ಅವಳಿಗೆ ಓದಿ ಹೇಳಿದೆ.

"ನಿಮ್ಮ ತಪ್ಪು ಅಂತ ಯಾಕ ಬರೀತೀರಿ?" ಎಂದಳು. "ಅವರು ಬಾಕಿದ್ದೆಲ್ಲಾ ಬಿಟ್ಟು ಅದೊಂದ ಸಾಲು ಹಿಡೀತಾರ."

ತಪ್ಪನ್ನು ತಪ್ಪೆಂದು ಬರೆಯದೆ ಬೇರೆ ದಾರಿ ನನಗೆ ಗೊತ್ತಿರಲಿಲ್ಲ. ನಾಲ್ಕು ಮನೆಗಳ ಹಿರಿಯರ ಹೆಸರು ಕೆಳಗೆ ಬರೆದೆ. ಅವಳು ತನ್ನ ಹೆಸರನ್ನು ತಾನೇ ಬರೆದಳು. ಮಗಳ ಪಾಟಿ ನೋಡಿ ಕಲಿತ ಅಕ್ಷರ, ನಿಧಾನ, ಆದರೆ ಸಾಲು ಸೊಟ್ಟಗಿರಲಿಲ್ಲ. ಅಂಚೆ ಕಚೇರಿ ಮುಚ್ಚುವ ಮೊದಲು ರಿಜಿಸ್ಟರ್ ಪೋಸ್ಟು ಮಾಡಿ ರಸೀತಿ ತೆಗೆದುಕೊಂಡೆ.

ಮುಂದೆ ಆದದ್ದನ್ನು ಇಲ್ಲೇ ಹೇಳಿಬಿಡುತ್ತೇನೆ, ಮನಸ್ಸು ಹಗುರವಾಗಲಿ ಎಂದಲ್ಲ, ಓದುವವರು ಏನಾಯಿತೋ ಎಂದು ಕಾಯಬಾರದು ಎಂದು. ಅವಳು ಹೇಳಿದಂತೆಯೇ ಆಯಿತು. ಮಳೆಗಾಲ ಮುಗಿದ ಮೇಲೆ ನನಗೊಂದು ಮೆಮೊ ಬಂತು. ಒಂಬತ್ತು ವರ್ಷ ತಪ್ಪು ಷರಾ ಬರೆದದ್ದಕ್ಕೆ ಯಾಕೆ ಕ್ರಮ ಕೈಗೊಳ್ಳಬಾರದು ಎಂದು ಕೇಳಿದ್ದರು. ಆ ತಪ್ಪು ಷರಾವನ್ನೇ ಆಧಾರವಾಗಿಟ್ಟುಕೊಂಡು ಕೆರೆಯನ್ನು ಪಟ್ಟಿಯಿಂದ ತೆಗೆದ ಸುದ್ದಿ ಮರುವಾರ ಬಂತು. ಅಂದರೆ ಅದು ನನ್ನನ್ನು ಶಿಕ್ಷಿಸುವುದಕ್ಕೆ ಸುಳ್ಳು, ಕೆರೆಯನ್ನು ಮುಚ್ಚುವುದಕ್ಕೆ ಸತ್ಯ. ಒಂದು ವರ್ಷದ ವೇತನ ಬಡ್ತಿ ನಿಲ್ಲಿಸಿದರು. ಅದಕ್ಕೆ ನನ್ನ ತಕರಾರಿಲ್ಲ.

ಏರಿಯ ಕಡೆಯ ಅರ್ಧಕ್ಕೆ ರಸ್ತೆ ಅಗಲ ಮಾಡಿದ ಮಣ್ಣು ಬಿತ್ತು, ಅದರ ಮೇಲೆ ಮನೆಯ ಪ್ಲಾಟುಗಳನ್ನು ಹಂಚಿದರು. ಸರ್ವೆಯರ್‌ನ ಸರಪಳಿ ಹೋಗದ ಹಿನ್ನೀರಿನ ಜೌಗು ಮಾತ್ರ ನಕ್ಷೆಯಲ್ಲಿ ಬಿಳಿಯಾಗಿ ಉಳಿದು, ಪ್ಲಾಟುಗಳೊಳಗೆ ಸೇರಲಿಲ್ಲ. ನಾಲ್ಕು ಮನೆಗಳು ಉಳಿದವೆಂದು ನಾವು ಅಂದುಕೊಂಡೆವು. ಆದರೆ ಜೌಗನ್ನು ತುಂಡು ಮಾಡಿ ಒಂದು ತುಂಡನ್ನು ಉಳಿಸಲು ಬರುವುದಿಲ್ಲ. ಹೊಸ ಮನೆಗಳ ಬಚ್ಚಲ ನೀರು ಅತ್ತ ಹರಿಯಿತು. ಜೊಂಡು ಮೊದಲಿಗಿಂತ ದಪ್ಪವಾಗಿ, ಕಪ್ಪಗೆ ಬೆಳೆಯಿತು. ಹೆಣೆದ ಚಾಪೆಗೆ ವಾಸನೆ ಬಂತು, ಸಂತೆಯಲ್ಲಿ ಯಾರೂ ಮುಟ್ಟಲಿಲ್ಲ. ಆಮೇಲೆ ನೀರಿನ ಮೇಲೆ ಅಂತರಗಂಗೆ ಹಬ್ಬಿ ಜೊಂಡನ್ನೂ ಅದುಮಿತು. ಒರತೆಯ ನೀರು ಕುಡಿದು ಮಕ್ಕಳಿಗೆ ವಾಂತಿಭೇದಿಯಾದ ವರ್ಷ ಎರಡು ಮನೆಗಳು ಮುಂಡಗೋಡದ ಕಡೆಗೆ, ಸನವಳ್ಳಿಯ ಹತ್ತಿರದ ನೆಂಟರಲ್ಲಿಗೆ ಹೋದವು. ಮರುವರ್ಷ ಉಳಿದ ಎರಡೂ. ಅವಳು ಹೋದದ್ದು ಕೊನೆಗೆ.

ಪ್ಲಾಟು ತೆಗೆದುಕೊಂಡವರಾದರೂ ಸುಖವಾಗಿದ್ದರೇ? 1988ರ ಆಸುಪಾಸಿನ ಒಂದು ಮಳೆಗಾಲದಲ್ಲಿ, ಚೀಲ ಹರಿದಂಥ ಆ ಮಳೆ ಒಂದೇ ಬೆಳಗಿನಲ್ಲಿ ಹೊಡೆಯಿತು. ನೀರು ತನ್ನ ಹಳೆಯ ಜಾಗ ಹುಡುಕಿಕೊಂಡು ಬಂದು ಅವರ ಅಡುಗೆಮನೆಗಳಲ್ಲಿ ನಿಂತಿತು. ಪಾಪ, ದಾಂಡೇಲಿಯಲ್ಲಿ ಪಾಳಿಯ ಮೇಲೆ ದುಡಿದು ಮನೆ ಕಟ್ಟಿಸಿದವರು, ಹಾಸಿಗೆಯನ್ನು ಮೇಜಿನ ಮೇಲೆ ಇಟ್ಟುಕೊಂಡು ಕುಳಿತಿದ್ದರು. ಆಗಿನ ಪಂಚಾಯಿತಿಯವರು ಬಂದು, ಇಂಥ ಮಳೆ ಹಿಂದೆಂದೂ ಕಂಡಿರಲಿಲ್ಲ ಎಂದು ಭಾಷಣ ಮಾಡಿದರು. ಮಳೆಯ ಮೇಲೆ ಹೊರಿಸಿದರು. ಮಳೆಗೆ ಮೆಮೊ ಕೊಡಲು ಬರುವುದಿಲ್ಲವಲ್ಲ.

ಇದಿಷ್ಟು ಆಮೇಲಿನ ಮಾತು. ಅಂದಿನ ಶನಿವಾರ ಇದ್ಯಾವುದೂ ನಮಗೆ ಗೊತ್ತಿರಲಿಲ್ಲ. ಅಂಚೆ ಕಚೇರಿಯಿಂದ ಹೊರಗೆ ಬಂದಾಗ ಮೂರೂವರೆ. ಕಾಗದ ಹೋಯಿತು, ಇನ್ನೇನು ಎಂದು ಅವಳು ಕೇಳಿದಳು. ನಾಳೆ ಯಾರಾದರೂ ಬಂದು, ಈ ಅಳತೆ ಒಂದು ದಿನದ್ದು, ಉಳಿದ ದಿನಗಳದ್ದು ಎಲ್ಲಿ ಎಂದು ಕೇಳಿದರೆ ನಮ್ಮಲ್ಲಿ ಉತ್ತರವಿರಲಿಲ್ಲ. ರಜಿಸ್ಟರ್ ಹೋಗಿತ್ತು, ಇದ್ದಿದ್ದರೂ ಆ ಕಂಬ ನಮಗೆ ಬೇಕಾದ ನೀರನ್ನು ಅಳೆಯುತ್ತಿರಲಿಲ್ಲ. ಹಾಗಾದರೆ ನಮ್ಮದೇ ಒಂದು ಕಂಬ ನೆಡೋಣ ಎಂದೆ.

ಅವಳ ಮನೆಯ ಹಿತ್ತಲಿನಲ್ಲಿ ಬಿದಿರಿತ್ತು. ಹೆಬ್ಬೆರಳಿಗಿಂತ ಎರಡು ಪಟ್ಟು ದಪ್ಪದ, ನೆಟ್ಟಗಿನ ಒಂದು ಗಳ ಕಡಿದಳು. ಶಾಲೆಯಿಂದ ಅಡಿಪಟ್ಟಿ ತಂದು ನಾನು ಗುರುತು ಹಾಕಿದೆ, ಅವಳು ಕುಡುಗೋಲಿನ ತುದಿಯಿಂದ ಇಂಚಿಗೊಂದು ಸಣ್ಣ ಗೀರು, ಅಡಿಗೊಂದು ದೊಡ್ಡ ಗೀರು ಕೊರೆದಳು. ಎರಡು ಗೀರು ವಾರೆಯಾಗಿದ್ದವು. ನಾನು ಅವನ್ನು ಮತ್ತೆ ಮಾಡಿಸಿದೆ.

"ಹಿಂಗ ಕಾಡಿದ್ರ ನಿಮ್ಮ ಸಾಲಿ ಹುಡಿಗ್ಯಾರು ಹೆಂಗ ತಾಳ್ತಾರ್ರಿ?" ಎಂದಳು.

ಐದು ಗಂಟೆಗೆ ಮತ್ತೆ ಜೌಗಿಗೆ ಇಳಿದೆವು. ಈ ಸಲ ನಾನು ಚಪ್ಪಲಿ ಹಾಕಿಕೊಂಡಿರಲಿಲ್ಲ. ಒರತೆಯಿಂದ ಹತ್ತು ಹೆಜ್ಜೆಯ ಆಚೆ, ಬೆಳಿಗ್ಗೆ ಅತಿ ಹೆಚ್ಚು ಆಳ ಸಿಕ್ಕಿದ್ದ ಜಾಗದಲ್ಲಿ, ಗಳವನ್ನು ನಿಲ್ಲಿಸಿ ನಾನು ಹಿಡಿದುಕೊಂಡೆ, ಅವಳು ಒನಕೆಯ ಬುಡದಿಂದ ಬಡಿದಳು. ಮೊದಲು ಕೆಸರು ಸರಾಗವಾಗಿ ಬಿಟ್ಟುಕೊಟ್ಟಿತು, ಆಮೇಲೆ ಗಟ್ಟಿ ನೆಲ ಸಿಕ್ಕಿ ಒನಕೆಯ ಸದ್ದು ಬದಲಾಯಿತು. ಇನ್ನೂ ಒಂದು ಗೇಣು ಹೊಡೆದಳು. ಸೊನ್ನೆಯ ಗೀರು ಸರಿಯಾಗಿ ಕೆಸರಿನ ಮೇಲ್ಮೈಗೆ ಬಂದು ನಿಂತಿತೇ ಎಂದು ನಾನು ಕೈ ಮುಳುಗಿಸಿ ಮುಟ್ಟಿ ನೋಡಿದೆ. ಗಳವನ್ನು ಅಲುಗಾಡಿಸಿದೆ, ಅಲುಗಲಿಲ್ಲ. ಕಲಕಿದ ನೀರು ತಿಳಿಯಾಗುವವರೆಗೆ ಕಾದೆವು.

ಆಮೇಲೆ ಅವಳು ಬಗ್ಗಿ, ನೀರಿನೊಳಗೆ ಬೆರಳಿಟ್ಟು ತಳದಿಂದ ಮೇಲಕ್ಕೆ ಎಣಿಸಿದಳು. "ಒಂದು ದೊಡ್ಡದು, ಏಳು ಸಣ್ಣು" ಎಂದಳು. ನಾನು ಮತ್ತೊಮ್ಮೆ ಎಣಿಸಿ ನೋಡಿದೆ, ಸರಿಯಾಗಿತ್ತು. ಸೊಂಟದಲ್ಲಿ ಸಿಕ್ಕಿಸಿಕೊಂಡಿದ್ದ ಹೊಸ ನೋಟುಬುಕ್ಕಿನ ಮೊದಲ ಹಾಳೆಯಲ್ಲಿ ಬರೆದೆ: ಸಂಜೆ ಆರು ಗಂಟೆ, ಒಂದು ಅಡಿ ಏಳು ಇಂಚು, ನೀರಿದೆ.